ಬಿಚ್ಚಾಣಿಕೆ

ಐದು ನಿಮಿಷದ ಕೆಲಸ ಅಂತ ತಂದುಕೊಟ್ಟ
ಡೋಲಿನ ಗಂಗುಲಪ್ಪ. ಬೆರಳ ತುದಿಗಳಲ್ಲಿ
ಇನ್ನೂ ಅಂಟುಬಟ್ಟೆಯ ಟೊಪ್ಪಿಗೆ, ಯಾವುದೋ ಮದುವೆಯಿಂದ ನೇರ ಬಂದವನು.
'ಮೊಬೈಲಿಗೆ ಹಾಕ್ಕೊಡು ಜಹೀರಣ್ಣ,
ನಮ್ಮ ಪಿಳ್ಳಪ್ಪನ ಓಲಗ.'

ಇವತ್ತಿಗೆ ಹನ್ನೊಂದು ದಿನ.

ಹಗಲು ನನ್ನದು ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕಸುಬು.
ಬಿಸಿನೀರಲ್ಲಿ ಗೂಡು ಕುಣಿಯುತ್ತಿರುತ್ತವೆ,
ಹೆಂಗಸರು ಬೆರಳಾಡಿಸಿ ತುದಿ ಹುಡುಕುತ್ತಾರೆ.
ಒಂದು ಗೂಡೆಂದರೆ ಒಂದೇ ಎಳೆ.
ಈ ಸೀಡಿಯೂ ಹಾಗೆಯೇ ಅಂತ ನನಗೆ ತಿಳಿದದ್ದು ತಡವಾಗಿ:
ನಡುವಿನಿಂದ ಅಂಚಿಗೆ ಸುತ್ತುತ್ತ ಹೋದ ಒಂದೇ ಒಂದು ದಾರಿ,
ನೆಟ್ಟಗೆ ಎಳೆದರೆ ಊರು ದಾಟಿ ಮಿಕ್ಕೀತು.

ಅಂಗಡಿಯ ಪ್ಲೇಯರು ಸಭ್ಯ ಸುಳ್ಳುಗಾರ.
ಗೀರು ಬಂದಲ್ಲಿ ಈ ದಡ ನೋಡಿ, ಆ ದಡ ನೋಡಿ,
ನಡುವೆ ಒಂದು ಹಲಗೆ ಹಾಸಿ ದಾಟಿಬಿಡುತ್ತದೆ.
ಕಿವಿಗೆ ಗೊತ್ತಾಗುವುದಿಲ್ಲ.
ನಮ್ಮಲ್ಲಿ ಅದಕ್ಕೆ ಗಂಟು ಅನ್ನುತ್ತಾರೆ,
ಬೆರಳಿಟ್ಟು ನೋಡುವವನಿಗೆ ಸಿಕ್ಕೇ ಸಿಗುತ್ತದೆ,
ಕಿಲೋಗೆ ನೂರೋ ಇನ್ನೂರೋ ಬಿದ್ದುಹೋಗುತ್ತದೆ.

ಅದಕ್ಕೇ ಈ ಸ್ವತಂತ್ರ ತಂತ್ರಾಂಶ.
ದುಡ್ಡು ಕೇಳುವುದಿಲ್ಲ ಅಂತಲ್ಲ,
ಗೂಡಿನ ಮಾರ್ಕೆಟ್ಟಿನ ತಕ್ಕಡಿಯ ಹಾಗೆ
ಯಾರು ಬೇಕಾದರೂ ಬಗ್ಗಿ ಅಡಿ ನೋಡಬಹುದು ಅಂತ.
ಮೊದಲು ಅದು ನನ್ನ ಡ್ರೈವಿನ ಚಾಳಿ ಕೇಳಿತು:
ಪ್ರತಿ ಡ್ರೈವೂ ಒಂದಿಷ್ಟು ತಡವಾಗಿ ಶುರುಮಾಡುತ್ತದಂತೆ,
ಅಥವಾ ಒಂದಿಷ್ಟು ಮುಂಚೆ,
ನಮ್ಮ ಮಸೀದಿಯ ಗಡಿಯಾರದ ಹಾಗೆ.
ತಪ್ಪಲ್ಲ. ಎಷ್ಟು ಅಂತ ಗೊತ್ತಿರಬೇಕು, ಅಷ್ಟೇ.

ಆಮೇಲೆ ಓದಿತು. ಮತ್ತೆ ಓದಿತು.
ಒಂದೇ ಚೂರನ್ನು ಹದಿನಾರು ಸಲ, ಇಪ್ಪತ್ತು ಸಲ,
ಕುರುಡ ನೋಟು ಸವರುವ ಹಾಗೆ.
ರಾತ್ರಿಯೆಲ್ಲ ಡ್ರೈವು ಮುಲುಕುತ್ತಿತ್ತು.
'ಇದೇನು ಕೋಳಿ ಕಾವು ಕೂರಿಸಿದ್ದೀರಾ' ಅಂದಳು ಶಹನಾಜ್.

ಬೆಳಿಗ್ಗೆ ಹಾಡಿಗೊಂದರಂತೆ ಉದ್ದುದ್ದ ಸಂಖ್ಯೆ ಬಂದವು.
ಸರಿಯೋ ತಪ್ಪೋ ಹೇಳುವವರಾರು?
ದೊಡ್ಡ ದೊಡ್ಡ ಹಾಡುಗಾರರ ತಟ್ಟೆಗೆ ಲೋಕವೆಲ್ಲ ಸಾಕ್ಷಿ,
ಸಾವಿರ ಜನ ಬಿಚ್ಚಿ ಲೆಕ್ಕ ಹೊಂದಿಸಿಟ್ಟಿದ್ದಾರೆ.
ಪಿಳ್ಳಪ್ಪನಿಗೆ ಯಾರೂ ಇಲ್ಲ.
ಇನ್ನೂರು ಹಾಕಿಸಿದ್ದ, ಹಂಚಿದ್ದ, ಹೋಗಿದ್ದ.

ಇನ್ನೊಂದು ಸಿಕ್ಕಿದ್ದು ನಂದಿಯ ಕಡೆಯ ದ್ರಾಕ್ಷಿ ತೋಟದಲ್ಲಿ.
ಚಪ್ಪರದ ತಂತಿಗೆ ದಾರ ಕಟ್ಟಿ
ಗೊರವಂಕ ಬೆದರಿಸಲು ತೂಗುಬಿಟ್ಟಿದ್ದರು.
ಎಷ್ಟು ಬೇಸಿಗೆ ಕಂಡಿತ್ತೋ.
ಹೆಸರು ಮಾಸಿತ್ತು, 'ಪಿಳ್ಳ' ಅಂತ ಉಳಿದಿತ್ತು,
ಮೇಲೆ ಹಕ್ಕಿಯ ಹಿಕ್ಕೆ.
ತೋಟದವನು ಕಾಸು ಬೇಡ ಅಂದ,
ಬದಲಿಗೆ ಹೊಳೆಯೋದು ಇನ್ನೊಂದು ಕೊಡು ಅಂದ.

ಒದ್ದೆ ಮಲ್ಲಿನಲ್ಲಿ ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿದೆ,
ಸುತ್ತಾಗಿ ಒರೆಸಬಾರದು.
ಒಂಬತ್ತು ಗಂಟೆ ತಗೊಂಡಿತು.
ಒಂದನೆಯದು ಹೊಂದಿತು.
ಎರಡು. ಮೂರು.
ಬೀರುವಿನಲ್ಲಿ ಮಲಗಿದ್ದೂ ಬಿಸಿಲಲ್ಲಿ ನೇತಾಡಿದ್ದೂ
ಅಕ್ಷರ ಅಕ್ಷರ ಒಂದೇ ಮಾತು ಹೇಳಿದವು.
ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ನಾಲ್ಕನೆಯದು ಹೊಂದಲಿಲ್ಲ.
ಎರಡು ನಿಮಿಷ ಹದಿನೇಳು ಸೆಕೆಂಡಿಗೆ
ಇದಕ್ಕೊಂದು ಗಾಯ, ಅದಕ್ಕೂ ಅಲ್ಲೇ ಒಂದು ಗಾಯ.

ಗಂಗುಲಪ್ಪನನ್ನು ಕರೆಸಿದೆ.
ಕೇಳಿದ, ಕಣ್ಣು ಮುಚ್ಚಿದ.
'ಇಲ್ಲಿ ಪಿಳ್ಳಪ್ಪ ಉಸಿರು ತಗೊಂಡ, ನಾನು ತುಂಬಿದೆ,
ಹೀಗೆ' ಅಂತ ಮೇಜಿನ ಮೇಲೆ ಬಾರಿಸಿದ,
ಲೋಟದಲ್ಲಿದ್ದ ಟೀ ಅಲುಗಿತು.
'ಇದನ್ನೇ ಹಿಡಿದು ಅಲ್ಲಿ ಸೇರಿಸಿಬಿಡಪ್ಪ.'

ಸೇರಿಸಲಿಲ್ಲ.
ಬೈದ. ಹನ್ನೊಂದು ದಿನ ತಗೊಂಡು
ಒಂದು ಸೆಕೆಂಡು ಕೊಡಲಾರೆಯಾ ಅಂದ.
ಫೋನು ಕಿಸೆಗೆ ಹಾಕಿಕೊಂಡು ಬಸ್ಸಿಗೆ ಓಡಿದ,
ಟೀ ಪೂರ್ತಿ ಕುಡಿಯಲಿಲ್ಲ.

ದಾಖಲೆಯಲ್ಲಿ ಹಾಗೇ ಇದೆ:
ನಾಲ್ಕನೆಯದು, ಎರಡು ಹದಿನೇಳು, ಖಾತ್ರಿಯಿಲ್ಲ.
ಇನ್ನೂರರಲ್ಲಿ ಎರಡು ನೋಡಿದ್ದೇನೆ.
ಹೊಳೆಯುವುದೇನಾದರೂ ತೋಟಗಳಲ್ಲಿ ತೂಗುತ್ತಿದ್ದರೆ
ಈಗ ಗಾಡಿ ನಿಲ್ಲಿಸುತ್ತೇನೆ.